ಹೂಂಗುಟ್ಟುವ ಗದ್ದೆ

ನಮ್ಮ ಮನೆಯ ಹಿತ್ತಲಲ್ಲಿ ಎದೆಮಟ್ಟದ ಒಂದು ಬಿದಿರು ಕೋಲಿದೆ. ತಂತಿಯ ಮೇಲಿನ ಸೀರೆ ಇಳಿಸಲು, ನುಗ್ಗೆಕಾಯಿ ಕೆಡವಲು, ಅಡುಗೆಮನೆಯ ಕಿಟಕಿಗೆ ಬರುವ ಕೋತಿಗೆ ತೋರಿಸಲು ಅದೇ ಬೇಕು. ತೋರಿಸಲು ಮಾತ್ರ. ಹೊಡೆಯುವ ಧೈರ್ಯ ನನಗಿಲ್ಲವೆಂಬುದು ಕೋತಿಗೂ ಗೊತ್ತು.

ಹೋದ ವಾರ ಬಂದಿದ್ದ ಮಗಳು ಆ ಕೋಲನ್ನು ತಲೆಕೆಳಗಾಗಿ ಹಿಡಿದು, ಬುಡದಲ್ಲಿ ಇದೇನು ಗೀರುಗಳು ಎಂದು ಕೇಳಿದಳು. ನಾನು ಒಳಗಿನಿಂದಲೇ, ಏಳು ಗೀರು, ಬೆರಳಿಗೊಂದರಂತೆ ನಾನೇ ಕುಡುಗೋಲಿನಲ್ಲಿ ಹಾಕಿದ್ದು, ಗದ್ದೆಯ ನೀರು ಅಳೆಯಲು ಎಂದೆ. ಅವಳು ಎಣಿಸಿ ಆರೇ ಇವೆ ಎಂದಳು. ಕನ್ನಡಕ ಹಾಕಿಕೊಂಡು ಹೋಗಿ ಎಣಿಸಿದೆ. ಆರೇ. ಬುಡ ಮುರಿದಿಲ್ಲ, ಸವೆದಿಲ್ಲ. ಇಷ್ಟು ವರ್ಷ ಏಳು ಎಂದು ಎಷ್ಟು ಜನರಿಗೆ ಹೇಳಿದ್ದೇನೋ!

ಆದ್ದರಿಂದ ನೀವು ಮುಂದೆ ಓದುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇದನ್ನು ಹೇಳುತ್ತಿರುವವಳಿಗೆ ಆರಕ್ಕೂ ಏಳಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಸಮಾಧಾನವೆಂದರೆ ನನ್ನ ಬಳಿ ಆ ವರ್ಷದ ಡೈರಿ ಇದೆ. ಕೋಲಿನ ನೆಪದಲ್ಲಿ ಅದನ್ನೂ ತೆಗೆದೆ. ಎಲ್ಲ ನೀಲಿ ಶಾಯಿ, ಗುಂಡಗಿನ ಅಕ್ಷರ. ಇಡೀ ಡೈರಿಯಲ್ಲಿ ಒಂದೇ ಒಂದು ಸಾಲಿನ ಕೆಳಗೆ ಗೆರೆ ಎಳೆದಿದೆ, ಅದು ಕಪ್ಪು ಶಾಯಿಯಲ್ಲಿ. ಆ ಸಾಲನ್ನು ನೋಡಿದ ಮೇಲೆ ಎರಡು ದಿನ ಕೋಲನ್ನು ಮುಟ್ಟಲು ಮನಸ್ಸಾಗಲಿಲ್ಲ. ಸೀರೆಗಳು ತಂತಿಯ ಮೇಲೇ ಇದ್ದವು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ, ಆದೋನಿಯ ಮನೆಯಲ್ಲಿ ಪೋಸ್ಟಿನವನ ದಾರಿ ಕಾಯುತ್ತಿದ್ದೆ. ಕೆಲಸದ ಕಾಗದ ಬರಲಿಲ್ಲ. ಬೇರೆ ಕಾಗದಗಳು, ಎಂದರೆ ಜಾತಕಗಳು, ಬರತೊಡಗಿದವು. ಅವುಗಳಿಂದ ತಪ್ಪಿಸಿಕೊಳ್ಳಲು ಅಜ್ಜಿಯ ಊರಿಗೆ ಹೋದೆ. ಆದೋನಿಗೂ ಕೋಸಗಿಗೂ ನಡುವೆ, ರೈಲುಹಳಿಯಿಂದ ಎರಡು ಮೈಲಿ ಒಳಗಿನ ಊರು. ಅಲ್ಲಿ ಅಜ್ಜಿ, ಅಜ್ಜಿಯ ಕಿರಿಯ ಮಗ ವಾಸು ಮಾಮಾ. ಮಾಮಾ ಪೌರೋಹಿತ್ಯ ಮಾಡುತ್ತಿದ್ದರು, ಗುರುವಾರ ಗುರುವಾರ ಮಂತ್ರಾಲಯಕ್ಕೆ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಜಗುಲಿಯ ಮೇಲೆ ಕುಳಿತು ತಮ್ಮ ಗದ್ದೆಯ ಬಗ್ಗೆ ಚಿಂತಿಸುತ್ತಿದ್ದರು. ಗದ್ದೆಗೆ ಇಳಿದದ್ದನ್ನು ನಾನು ನೋಡಿಲ್ಲ.

ಗದ್ದೆ ಕಾಲುವೆಯ ಕೊನೆಯ ತೂಬಿನ ಕೆಳಗಿತ್ತು. ತುಂಗಭದ್ರೆಯ ನೀರು ಅಷ್ಟು ದೂರದಿಂದ ಬಂದು, ಊರೂರಿಗೆ ಹಂಚಿಹೋಗಿ, ನಮ್ಮ ತೂಬಿಗೆ ಬರುವ ಹೊತ್ತಿಗೆ ದಣಿದ ಅತಿಥಿಯಂತಿರುತ್ತಿತ್ತು. ಮೇಲಿನವರು ಗೇಣುದ್ದ ನೀರು ಕಟ್ಟಿ ನಿಲ್ಲಿಸುತ್ತಿದ್ದರು. ನೀರು ನಿಂತು ನಿಂತು ಅವರ ಕರಿನೆಲದಲ್ಲಿ ಚೌಳು ಎದ್ದು, ಚಳಿಗಾಲದ ಬೆಳಿಗ್ಗೆ ಹೊಲಗಳು ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತಿದ್ದವು. ಕೆಳಗಿನವರಿಗೆ ಸರದಿಯ ನೀರಷ್ಟೇ, ಅದೂ ಒಮ್ಮೊಮ್ಮೆ. ಮೇಲೆ ಹೆಚ್ಚಾಗಿ ಕೆಡುಕು, ಕೆಳಗೆ ಸಾಲದೆ ಕೆಡುಕು.

ಹೀಗಿರುವಾಗ ಒಬ್ಬ ಕೃಷಿ ಅಧಿಕಾರಿ ಬಂದರು. ತೆಲುಗಿನವರು, ತೆಳ್ಳಗಿನ ಮನುಷ್ಯ, ಪ್ಯಾಂಟು ಮಡಚಿ ಕೆಸರಿಗಿಳಿಯುತ್ತಿದ್ದರು. ಗದ್ದೆಯಲ್ಲಿ ಸದಾ ನೀರು ನಿಲ್ಲಬೇಕಾಗಿಲ್ಲ, ನಾಲ್ಕು ಬೆರಳು ಕಟ್ಟಿ, ಅದು ತಾನಾಗಿ ಇಂಗಿ, ನೆಲ ಕೂದಲೆಳೆಯಷ್ಟು ಬಿರಿದಾಗ ಮತ್ತೆ ಕಟ್ಟಿದರೆ ಸಾಕು, ಬೆಳೆ ಕಡಿಮೆಯಾಗುವುದಿಲ್ಲ ಎಂದರು. ಯಾರೂ ನಂಬಲಿಲ್ಲ. ಅವರು ನನ್ನ ಕಡೆ ತಿರುಗಿ, “ವರಿ ಚೇಪ ಕಾದಮ್ಮಾ,” ಎಂದರು. ಭತ್ತ ಮೀನಲ್ಲ ಎಂಬುದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಒಂದು ಗದ್ದೆಯಲ್ಲಿ ಮಾಡಿ ತೋರಿಸೋಣ, ದಿನಾ ನೀರಿನ ಅಳತೆ ಬರೆದಿಡಲು ಓದಿದವರೊಬ್ಬರು ಬೇಕು ಎಂದರು. ಅಳತೆ ಸರಿಬಂದರೆ ಕೊನೆಯ ತೂಬಿನವರೂ ಸರದಿಯ ನೀರಿನಲ್ಲಿ ಭತ್ತ ಬೆಳೆಯಬಹುದು. ಬರದಿದ್ದರೆ ಇಲ್ಲಿ ಭತ್ತವೇ ಬೇಡವೆಂದು ಅವರು ಬರೆದುಕೊಡಬೇಕಾಗುತ್ತದೆ.

ಓದಿದವಳು ನಾನು. ಮೂರು ರಾಜವಂಶಗಳು ಧಾನ್ಯದ ಮೇಲೆ ಎತ್ತುತ್ತಿದ್ದ ತೆರಿಗೆಯ ಬಗ್ಗೆ ಪುಟಗಟ್ಟಲೆ ಬರೆಯಬಲ್ಲವಳು. ಸಸಿಯ ಯಾವ ತುದಿ ಕೆಸರಿಗೆ ಹೋಗುತ್ತದೆ ಎಂಬುದನ್ನು ಮಾತ್ರ ತಾಯಮ್ಮನಿಂದ ಕಲಿತೆ.

ತಾಯಮ್ಮ ಮತ್ತು ಅವಳ ಗಂಡ ಈರಣ್ಣ ಆ ಗದ್ದೆಯನ್ನು ಪಾಲಿಗೆ ಮಾಡುತ್ತಿದ್ದರು. ಈರಣ್ಣನಿಗೆ ಕುರಿಗಳೇ ಲೋಕ. ಗದ್ದೆ ಅವಳದು. ಅವಳ ಮನೆಯಲ್ಲಿ ಅನ್ನವೆಂದರೆ ಆ ಗದ್ದೆ, ಉಳಿದದ್ದೆಲ್ಲ ಜೋಳ. ಈ ಬೆಳೆ ಕೆಟ್ಟರೆ ಗದ್ದೆಯನ್ನು ಕ್ಯಾಂಪಿನವರಿಗೆ, ಎಂದರೆ ಕರಾವಳಿ ಆಂಧ್ರದಿಂದ ಬಂದು ಬಿಡಾರ ಹೂಡಿ ಭತ್ತ ಬೆಳೆಯುತ್ತಿದ್ದ ಕುಟುಂಬಗಳಿಗೆ, ಕೊಟ್ಟುಬಿಡುವುದಾಗಿ ಮಾಮಾ ಮೊದಲೇ ಹೇಳಿದ್ದರು. ಆ ಮಾತು ಅವಳ ತಲೆಯ ಮೇಲೆ ತೂಗುತ್ತಿತ್ತು. ಆದರೂ ಪ್ರಯೋಗಕ್ಕೆ ಒಪ್ಪಿದವಳು ಅವಳೇ.

ನಾಟಿಯ ದಿನ ಅಧಿಕಾರಿಗಳು ಗೇಣಿಗೊಂದರಂತೆ ಕೆಂಪು ಬಟ್ಟೆಯ ಚೂರು ಕಟ್ಟಿದ ಹಗ್ಗ ತಂದರು. ಬಟ್ಟೆ ಇದ್ದಲ್ಲೇ ಸಸಿ ಊರಬೇಕು. ಒಂದು ತುದಿ ಹಿಡಿದು ನಿಂತವಳು ನಾನು, ಸೀರೆಯ ನೆರಿಗೆ ಒಂದು ಕೈಯಲ್ಲಿ, ಹಗ್ಗ ಒಂದು ಕೈಯಲ್ಲಿ. ಸಾಲಿನಲ್ಲಿ ಬಗ್ಗಿದ್ದ ಹೆಂಗಸರು ಮುಸಿಮುಸಿ ನಗುತ್ತಿದ್ದರು. ತಾಯಮ್ಮ ತಲೆ ಎತ್ತದೆಯೇ, “ಅಕ್ಕಾರ, ನೀವು ಹಿಂಗ ನಿಂದರ್ರಿ ಸಾಕು. ಭತ್ತ ನಿಮ್ಮನ್ನ ನೋಡಿ ಅಂಜಿ ತಾನ ನೆಟ್ಟಗ ನಿಂದರತೈತಿ,” ಎಂದಳು. ಆ ಕ್ಷಣಕ್ಕೇ ನನ್ನ ಒಂದು ಕಾಲು ಮೊಣಕಾಲಿನವರೆಗೆ ಹೂತು, ನಾನು ಮಾತ್ರ ನೆಟ್ಟಗೆ ನಿಲ್ಲಲಿಲ್ಲ.

ಇಲ್ಲಿ ಅಜ್ಜಿಯ ಕಥೆಗಳ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಚಿಕ್ಕವಳಿದ್ದಾಗ ಅಜ್ಜಿ ಮಧ್ಯಾಹ್ನದ ಊಟವಾದ ಮೇಲೆ ಕಥೆ ಹೇಳುತ್ತಿದ್ದಳು. ಕೇಳುವವರು ಸಾಲಿಗೊಮ್ಮೆ ಹೂಂ ಅನ್ನಬೇಕು. ಹೂಂ ನಿಂತರೆ ಕಥೆ ನಿಂತಿತು. ಎಲ್ಲ ಅಜ್ಜಿಯರೂ ಹಾಗೇ ಎಂದು ನೀವು ಅನ್ನಬಹುದು. ನಮ್ಮಜ್ಜಿ ಅದಕ್ಕೊಂದು ಕಾರಣವನ್ನೂ ಹೇಳುತ್ತಿದ್ದಳು. ಹಿಂದೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರಲ್ಲ, ನೆಲದೊಳಗೆ ಆಳುದ್ದ ತೋಡಿದ, ಹೊಟ್ಟೆ ಅಗಲ ಬಾಯಿ ಸಣ್ಣ ಇರುವ ಗುಂಡಿ. ಮುಚ್ಚಿಟ್ಟ ಕಾಳಿನಿಂದ ಕೆಟ್ಟಗಾಳಿ ಹುಟ್ಟುತ್ತದೆ. ಅದಕ್ಕೇ ಮೊದಲು ದೀಪ ಇಳಿಬಿಡುವುದು. ದೀಪ ಆರದಿದ್ದರೆ ಸೊಂಟಕ್ಕೆ ಹಗ್ಗ ಕಟ್ಟಿ ಒಬ್ಬ ಇಳಿಯುವುದು. ಮೇಲಿದ್ದವರು ಏನಾದರೂ ಹೇಳುತ್ತಲೇ ಇರಬೇಕು, ಕೆಳಗಿದ್ದವನು ಹೂಂಗುಟ್ಟುತ್ತಲೇ ಇರಬೇಕು. ಹೂಂ ನಿಂತಿತೋ, ಹಗ್ಗ ಎಳೆಯಬೇಕು.

ಅಜ್ಜಿಯ ಅತ್ತೆಯ ಕಾಲದಲ್ಲಿ ಒಬ್ಬ ಹೀಗೆ ಇಳಿದನಂತೆ. ಮೇಲಿನವರು ಮಾತಾಡುತ್ತಿದ್ದರು, ಕೆಳಗಿನಿಂದ ಹೂಂ ಬರುತ್ತಿತ್ತು. ಬುಟ್ಟಿ ಮಾತ್ರ ಮೇಲೆ ಬರಲಿಲ್ಲ. ಬಹಳ ಹೊತ್ತಾಯಿತೆಂದು ಹಗ್ಗ ಎಳೆದರು. ಅವನು ಬಂದ. ಮೈ ತಣ್ಣಗಾಗಿ ಸೆಟೆದುಹೋಗಿತ್ತು, ಜೀವ ಹೋಗಿ ಎಷ್ಟು ಹೊತ್ತಾಗಿತ್ತೋ. ಹಾಗಾದರೆ ಹೂಂ ಅಂದವರು ಯಾರು ಎಂದು ನಾನು ಕೇಳಿದರೆ, ಅಜ್ಜಿ ಸೆರಗು ಎಳೆದುಕೊಂಡು, “ಈಗ ಮಲಕೋ,” ಅನ್ನುತ್ತಿದ್ದಳು. ಅದಾದ ಮೇಲೆ ಮಲಗುವುದು ಹೇಗೆಂದು ಅವಳು ಹೇಳಿಕೊಡಲಿಲ್ಲ.

ನಾಟಿಯಾದ ಮೇಲಿನ ಕೆಲವು ವಾರ ಎಲ್ಲ ಸರಿಯಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗದ್ದೆಗೆ ಹೋಗಿ ಕೋಲು ನೆಟ್ಟು, ಅಳತೆಯನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಬರೆಯುತ್ತಿದ್ದೆ. ಗಟ್ಟಿಯಾಗಿ ಹೇಳುವುದು ನನ್ನ ಹಳೆಯ ಚಟ. ಪರೀಕ್ಷೆಗೆ ಓದಿದ್ದೂ ಹಾಗೆಯೇ.

ಮೊದಲ ಸಲ ನೆಲ ಒಣಗಿ ಕೂದಲೆಳೆಯ ಬಿರುಕು ಬಿಟ್ಟು, ಮತ್ತೆ ನೀರು ಕಟ್ಟಿದ ಮೇಲೆ ಗದ್ದೆಯ ಸ್ವಭಾವ ಬದಲಾಯಿತು. ಸಂಜೆ ನಾಲ್ಕು ಬೆರಳು ಇದ್ದದ್ದು ಬೆಳಿಗ್ಗೆ ಏನೂ ಇಲ್ಲ. ನೀರು ಕಟ್ಟಿದಷ್ಟೂ ಕುಡಿಯಿತು. ಅಕ್ಕಪಕ್ಕದ ಗದ್ದೆಗಳಲ್ಲಿ ನೀರು ಕನ್ನಡಿಯ ಹಾಗೆ ನಿಂತಿತ್ತು. ಕರಿಮಣ್ಣು ಹೆಚ್ಚು ಬಿರಿಯಿತೇನೋ, ಸ್ವಲ್ಪ ಬೇಗ ನೀರು ಕಟ್ಟಿ ಎಂದು ಅಧಿಕಾರಿಗಳು ಹೇಳಿಕಳಿಸಿದರು. ಬೇಗ ಕಟ್ಟಿದೆವು. ಬೇಗ ಕುಡಿಯಿತು.

ಆಗಲೇ ಒಂದು ಮಧ್ಯಾಹ್ನ. ಗಾಳಿ ಇರಲಿಲ್ಲ. ಬದುವಿನ ಮೇಲೆ ಒಬ್ಬಳೇ ಇದ್ದೆ. ಬಿಸಿಲು ಎಷ್ಟು ನೇರವಾಗಿತ್ತೆಂದರೆ ಕೋಲಿಗೆ ನೆರಳೇ ಬೀಳುತ್ತಿರಲಿಲ್ಲ. ಕೋಲು ನೆಟ್ಟು, “ಮೂರು,” ಎಂದೆ.

ಗದ್ದೆ ಹೂಂ ಎಂದಿತು.

ಕಪ್ಪೆ ಎಂದುಕೊಂಡೆ. ಕಪ್ಪೆಯ ದನಿ ಗಂಟಲಿನಿಂದ ಬರುತ್ತದೆ. ಇದು ಹೊಟ್ಟೆಯಿಂದ ಬಂದದ್ದು, ನಿದ್ದೆ ಎಳೆಯುತ್ತಿರುವಾಗ ಕಥೆ ಕೇಳುವವರು ಅನ್ನುವಂಥ, ತುಟಿ ತೆರೆಯದ ಹೂಂ. ತಡೆದು ಮತ್ತೊಮ್ಮೆ, ಮೆಲ್ಲಗೆ, “ಮೂರು,” ಎಂದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಬೆವರು ಕಿವಿಯ ಹಿಂದೆ ಇಳಿಯುತ್ತಿದ್ದದ್ದು ನೆನಪಿದೆ. ಆಮೇಲೆ, ನಾನು ಕಾಯುತ್ತಿದ್ದೇನೆಂದು ಅದಕ್ಕೆ ಗೊತ್ತಿರುವ ಹಾಗೆ, ಹೂಂ.

ಆ ದಿನದ ಡೈರಿಯಲ್ಲಿ “ಮೂರು” ಎಂದಷ್ಟೇ ಇದೆ. ಎಂ.ಎ. ಓದಿದವಳು ಗದ್ದೆ ಹೂಂ ಎಂದಿತು ಎಂದು ಬರೆದಾಳೆಯೇ? ಮರುದಿನದಿಂದ ನಾನು ಅಳತೆಯನ್ನು ಗಟ್ಟಿಯಾಗಿ ಹೇಳುವುದನ್ನು ನಿಲ್ಲಿಸಿದೆ. ಹೇಳದಿದ್ದರೂ ಒಮ್ಮೊಮ್ಮೆ ಕೇಳುತ್ತಿತ್ತು. ಆಗ ಇನ್ನೂ ಕಷ್ಟ, ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೇ ಅದು ಒಪ್ಪುತ್ತಿದೆ ಎನಿಸುತ್ತಿತ್ತು.

ತಾಯಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ. ತನಗೂ ಕೇಳಿದೆ ಎಂದಳು. ಅಷ್ಟೇ ಅಲ್ಲ, ಕಳೆ ಕೀಳುವಾಗ ಒಂದು ಜಾಗದಲ್ಲಿ ಅಂಗಾಲಿಗೆ ತಣ್ಣಗೆ ಹತ್ತುತ್ತದೆ, ಸುತ್ತಲಿನ ಕೆಸರು ಬೆಚ್ಚಗಿದ್ದರೂ ಅಲ್ಲಿ ಮಾತ್ರ ಬಾವಿಯ ನೀರಿನ ಹಾಗೆ, ಎಂದಳು. ಹೀಗೆ ಹೇಳಿದಳೆಂದು ನನಗೆ ಚೆನ್ನಾಗಿ ನೆನಪಿದೆ. ಡೈರಿಯಲ್ಲಿ ಒಂದಕ್ಷರವೂ ಇಲ್ಲ. ಅಧಿಕಾರಿಗಳು ಕೊಟ್ಟ ಫಾರಂನಲ್ಲಿ ಬೆರಳಿನ ಅಳತೆಗೆ ಜಾಗವಿತ್ತು, ಅಂಗಾಲಿಗೆ ಇರಲಿಲ್ಲ. ಡೈರಿಯಲ್ಲಾದರೂ ಬರೆಯಬಹುದಿತ್ತು. ಅದರ ಬದಲು ಆ ವಾರ ನಾನು ಬರೆದದ್ದು ಈ ಸಾಲು:

“ತಾಯಮ್ಮನೇ ಬದು ಒಡೆದು ತನ್ನ ಅಣ್ಣನ ಗದ್ದೆಗೆ ನೀರು ಬಿಡುತ್ತಿದ್ದಾಳೆ.”

ಅವಳ ಅಣ್ಣನ ಗದ್ದೆ ಪಕ್ಕದಲ್ಲೇ, ಸ್ವಲ್ಪ ತಗ್ಗಿನಲ್ಲಿತ್ತು. ಬದುವಿನಲ್ಲಿ ನಾನು ಒಡಕು ನೋಡಿದ್ದೆನೇ? ಇಲ್ಲ. ಯಾರಾದರೂ ಹೇಳಿದರೇ? ಇಲ್ಲ. ಗದ್ದೆ ಹೂಂಗುಟ್ಟುತ್ತದೆಂದು ನಂಬುವುದಕ್ಕಿಂತ ತಾಯಮ್ಮ ಕದಿಯುತ್ತಾಳೆಂದು ನಂಬುವುದು ನನಗೆ ಸುಲಭವಾಯಿತು. ಓದಿದ್ದರ ಫಲ.

ಡೈರಿಯನ್ನು ಜಗುಲಿಯ ಗೂಡಿನಲ್ಲಿ ಇಡುತ್ತಿದ್ದೆ. ಅದರಲ್ಲಿ ನೀರಿನ ಅಳತೆ ಇದೆಯೆಂದು ಮಾಮಾ ತೆಗೆದು ನೋಡಿದರು. ಅವರ ತಪ್ಪೇನಿಲ್ಲ. ಆ ಸಾಲನ್ನು ಓದಿ ಈರಣ್ಣನನ್ನು ಕರೆಸಿದರು. ಜಗಳವಾಗಲಿಲ್ಲ. ಈ ಬೆಳೆಗೆ ಗದ್ದೆ ಬಿಟ್ಟುಬಿಡಿ, ನೀರು ಇನ್ನು ಬೇರೆಯವರು ನೋಡುತ್ತಾರೆ ಎಂದರು. ಈರಣ್ಣ ರುಮಾಲು ಬಿಚ್ಚಿ ಮತ್ತೆ ಕಟ್ಟಿಕೊಂಡು ಕೇಳಿದ್ದು ಒಂದೇ, ಯಾರು ನೋಡಿದರು ಎಂದು. ಮಾಮಾ ಹೇಳಿದ್ದು, “ನೋಡೂದೇನು? ಬರದದ್ದು ಅದ.”

ನಾನು ಬಾಗಿಲ ಹಿಂದೆ ಇದ್ದೆ. ಹೊರಗೆ ಬರಲಿಲ್ಲ.

ಎರಡು ದಿನದಲ್ಲಿ ಸುದ್ದಿ ಬಂತು. ತಾಯಮ್ಮನ ಮನೆಯವರು ಕೋಸಗಿ ಸ್ಟೇಷನ್ನಿಗೆ ಹೋಗಿ, ದುಡಿಯಲು ಊರು ಬಿಡುವವರ ಗುಂಪಿನ ಜೊತೆ ರೈಲು ಹತ್ತುತ್ತಾರಂತೆ. ಕುರಿಗಳನ್ನು ಅವಳ ಅಣ್ಣನಿಗೆ ಒಪ್ಪಿಸಿಯಾಗಿದೆಯಂತೆ. ಗದ್ದೆಯಲ್ಲಿ ಸಸಿಗಳು ಕೆಂಪು ಬಟ್ಟೆಯ ಲೆಕ್ಕ ತಪ್ಪದೆ ಸಾಲಾಗಿ ನಿಂತಿದ್ದವು, ತುದಿಗಳು ಹಳದಿಗೆ ತಿರುಗುತ್ತಿದ್ದವು.

ಆಗ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಮಧ್ಯಾಹ್ನ ನಾನೇ ಅವಳಿಗೆ ಏನಾದರೂ ಓದಿ ಹೇಳುವುದು, ಅವಳು ಹೂಂ ಅನ್ನುವುದು, ಹೀಗೆ ಪಾತ್ರ ಅದಲುಬದಲಾಗಿತ್ತು. ಆ ದಿನ ಓದಲು ಮನಸ್ಸಿಲ್ಲದೆ ಗದ್ದೆಯ ಕಥೆಯನ್ನೇ ಹೇಳಿದೆ. ನಾಲ್ಕು ಬೆರಳು ನೀರು ಕಟ್ಟಿದರು. ಹೂಂ. ಬೆಳಿಗ್ಗೆ ಹೋದರೆ ನೀರಿಲ್ಲ. ಹೂಂ. ಮೂರು ಎಂದು ಹೇಳಿದರೆ ನೆಲದೊಳಗಿಂದ ಹೂಂ ಎಂದಿತು.

ಅಜ್ಜಿ ಹೂಂ ಅನ್ನಲಿಲ್ಲ.

ತಾಯಮ್ಮ ಏನೂ ಹೇಳಲಿಲ್ಲವೇ, ಕಾಲಿಗೆ ಏನಾದರೂ ಹತ್ತಿತು ಅಂತ, ಎಂದು ಕೇಳಿದಳು. ತಣ್ಣಗೆ ಹತ್ತಿದ್ದನ್ನು ಹೇಳಿದೆ. ಅಜ್ಜಿ ಎದ್ದು ಕುಳಿತಳು.

ಆ ಗದ್ದೆ ಮೊದಲು ಗದ್ದೆಯಾಗಿರಲಿಲ್ಲವಂತೆ. ಹಾಳೂರಿನ ದಿಬ್ಬವಂತೆ. ಕಾಲುವೆ ಬಂದಾಗ ಬುಲ್ಡೋಜರ್ ತರಿಸಿ ದಿಬ್ಬ ಸಮ ಮಾಡಿದ್ದು. ದಿಬ್ಬದಲ್ಲಿ ನಮ್ಮ ಮನೆತನದ ಹಗೇವು ಇತ್ತು. ಲೂಟಿಗೆ ಅಂಜಿ ಹಗೇವಿನ ಬಾಯಿಯನ್ನು ಮಣ್ಣು ಹಾಕಿ, ಗುರುತು ಸಿಗದ ಹಾಗೆ ಮುಚ್ಚುತ್ತಿದ್ದರು. ಒಂದು ಕಲ್ಲಿನಿಂದ ಇಷ್ಟು ಹೆಜ್ಜೆ ಎಂಬ ಲೆಕ್ಕ ಮನೆಯ ಯಜಮಾನನಿಗೆ ಗೊತ್ತು, ಅವನು ಹಿರಿಯ ಮಗನಿಗೆ ಮಾತ್ರ ಹೇಳಬೇಕು. ಅಜ್ಜ ಹಿರಿಯ ಮಗನಿಗೆ ಹೇಳಿದರು. ಒಂದೇ ವರ್ಷದಲ್ಲಿ ಇಬ್ಬರೂ ಜ್ವರಕ್ಕೆ ಹೋದರು. ವಾಸು ಮಾಮಾ ಆಗ ತೊಟ್ಟಿಲಲ್ಲಿದ್ದರು. ಕಲ್ಲನ್ನು ಬುಲ್ಡೋಜರ್ ಎತ್ತಿ ಎಸೆಯಿತು.

“ನಿನಗ ಹೆಂಗ ಗೊತ್ತು ಅಜ್ಜಿ?”

“ಅವರು ಹೆಜ್ಜಿ ಎಣಿಸಬೇಕಾದ್ರ ಲಾಟೀನು ಹಿಡದಾಕಿ ಯಾರು?”

“ಮತ್ತ ಬುಲ್ಡೋಜರ್ ಬಂದಾಗ ಯಾಕ ಹೇಳಲಿಲ್ಲ?”

“ನನ್ನ ಯಾರು ಕೇಳಿದ್ರು?”

ಅದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ. ಹೊತ್ತೆಷ್ಟಾಯಿತು ಎಂದು ಕೇಳುವ ಹಾಗೆ ಹೇಳಿದಳು.

ನಾನು ತಾಯಮ್ಮನ ಮನೆಗೆ ಓಡಿದೆ. ಓಡಿದೆ ಎಂದು ಬರೆಯುತ್ತೇನೆ, ಬಹುಶಃ ನಡೆದಿರಬೇಕು, ಅಂಥ ಬಿಸಿಲು. ಅವಳು ಹೊಸ್ತಿಲಲ್ಲಿ ಕುಳಿತು ಗಂಟು ಕಟ್ಟುತ್ತಿದ್ದಳು. ರೈಲು ಮರುದಿನ ಬೆಳಿಗ್ಗೆ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು, ಏಳಲಿಲ್ಲ.

“ಯಾಕ ಬಂದಿರಿ ಅಕ್ಕಾರ? ಇನ್ನಾ ಏನರ ಬರಕಳ್ಳಾದು ಉಳದೈತೇನು?”

ಹಗೇವಿನ ವಿಷಯ ಹೇಳಿದೆ. ಜಾಗ ತೋರಿಸಲು ಬರಬೇಕೆಂದೆ.

“ತಣ್ಣಗೈತಿ ಅಂತ ನಾ ಹೇಳಿದ್ದಿಲ್ಲೇನು? ಅದನ್ನ ಬರಕಂಡ್ರೇನು?”

ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ ಎಂದೆ. ಇದಕ್ಕಿಂತ ಅವಮಾನದ ಮಾತನ್ನು ನಾನು ಜೀವನದಲ್ಲಿ ಮತ್ತೆ ಆಡಿಲ್ಲ. ಅವಳು ಗಂಟನ್ನು ಹಾಗೇ ಬಿಟ್ಟು ಎದ್ದಳು.

ಬದು ಕಡಿದು ಉಳಿದಿದ್ದ ನೀರನ್ನು ಹೊರಗೆ ಬಿಟ್ಟರು. ಅಜ್ಜಿ ಬರುತ್ತೇನೆಂದು ಹಟಹಿಡಿದು ಎತ್ತಿನ ಗಾಡಿಯಲ್ಲಿ ಬಂದಿದ್ದಳು. ಮಾಮಾ ಮೊದಲ ಬಾರಿಗೆ ಗದ್ದೆಗೆ ಬಂದು ಛತ್ರಿ ಹಿಡಿದು ಬದುವಿನ ಮೇಲೆ ನಿಂತರು. ತಾಯಮ್ಮ ಸಾಲುಗಳ ನಡುವೆ ಕಣ್ಣು ಮುಚ್ಚಿಕೊಂಡು ನಡೆದಳು. ಕತ್ತಲಲ್ಲಿ ಮನೆಯೊಳಗೆ ನೀರಿನ ಕೊಡ ಹುಡುಕುವವರ ನಡಿಗೆ. ಒಂದು ಕಡೆ ನಿಂತಳು. ಒಂದು ಹೆಜ್ಜೆ ಹಿಂದೆ ಬಂದಳು.

“ಇಲ್ಲೇ.”

ಈರಣ್ಣ ಹಾರೆಯನ್ನು ಎತ್ತಿ ಕುಕ್ಕಿದ. ಎರಡನೆಯ ಏಟಿಗೆ ಹಾರೆ ಅವನ ಕೈಯಿಂದ ಜಾರಿ ನೆಲದೊಳಗೆ ಹೋಯಿತು. ಪೂರ್ತಿ. ನಾವೆಲ್ಲ ಅದು ಹೋದ ತೂತನ್ನು ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ, ಎಲ್ಲೋ ಪಕ್ಕದೂರಿನಲ್ಲಿ ಬಿದ್ದ ಹಾಗೆ, ನೀರಿನ ಸದ್ದು ಬಂತು.

ಕೆಸರು ಸರಿಸಿದಾಗ ಹಗೇವಿನ ಬಾಯಿಗಿಟ್ಟಿದ್ದ, ಈಗ ವಾಲಿದ ಚಪ್ಪಡಿ ಕಂಡಿತು. ಬುಲ್ಡೋಜರ್ ಒಂದು ಮೂಲೆಯನ್ನು ಮುರಿದಿತ್ತು. ನಾಟಿಗೆ ಮೊದಲು ತುಳಿದ ಕೆಸರು ಅದನ್ನು ಮೆತ್ತಿ ಮುಚ್ಚಿತ್ತು. ನಾವು ನೆಲ ಒಣಗಿಸಿ ಬಿರುಕು ಬಿಡಿಸಿದಾಗ ಅದು ಬಾಯಿ ತೆರೆಯಿತು. ಒಳಗಿನಿಂದ ಹುಳಿಹುಳಿ ವಾಸನೆ ಬಂತು, ಎಷ್ಟೋ ವರ್ಷ ಹಿಂದಿನ ಜೋಳದ್ದು. ಅಧಿಕಾರಿಗಳು ಆಮೇಲೆ ನನಗೆ ವಿವರಿಸಿದರು: ಹಗೇವಿನ ತಳ ಗರಸಿನವರೆಗೆ, ಎಂದರೆ ಕರಿಮಣ್ಣಿನ ಕೆಳಗಿನ ಜಲ್ಲಿಯ ಪದರದವರೆಗೆ ಹೋಗಿತ್ತು, ಗರಸಿನಲ್ಲಿ ನೀರು ಹಳ್ಳಕ್ಕೆ ಸೋರಿಹೋಗುತ್ತಿತ್ತು. ನೀರು ಒಳಗಿಳಿಯುವಾಗ ಗಾಳಿ ಹೊರಬರುತ್ತಿತ್ತು, ಸದ್ದು ಅದರದೇ. ನಾನು ಒಪ್ಪಿದೆ. ಈಗಲೂ ಒಪ್ಪುತ್ತೇನೆ.

ಹಾರೆಯನ್ನು ತರಲು ಇಳಿಯುತ್ತೇನೆಂದು ಈರಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳತೊಡಗಿದ. ಮೊದಲು ದೀಪ ಎಂದು ಅಜ್ಜಿ ಗಾಡಿಯಿಂದಲೇ ಹೇಳಿದಳು. ಲಾಟೀನನ್ನು ಇಳಿಬಿಟ್ಟರು. ಒಂದು ಮೊಳ ಇಳಿಯುವಷ್ಟರಲ್ಲಿ ಉರಿ ಸಣ್ಣಗಾಯಿತು, ನೀಲಿಯಾಯಿತು, ಯಾರೋ ಎರಡು ಬೆರಳಿನಿಂದ ಹೊಸಕಿದ ಹಾಗೆ ಇಲ್ಲವಾಯಿತು. ಈರಣ್ಣ ಹಗ್ಗ ಬಿಚ್ಚಿದ.

ಅಜ್ಜಿ ತನ್ನನ್ನು ಹತ್ತಿರಕ್ಕೆ ಒಯ್ಯಲು ಹೇಳಿದಳು. ತಾಯಮ್ಮನೇ ಅವಳ ಕೈಹಿಡಿದು ಕರೆತಂದಳು. ನಾನು ಅವರ ಹಿಂದೆ ನಿಂತಿದ್ದೆ. ಅಜ್ಜಿ ಆ ಕಪ್ಪು ಬಾಯಿಯ ಕಡೆ ಮುಖ ಮಾಡಿ, ನನಗೆ ಆರು ವರ್ಷವಿದ್ದಾಗ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು: “ಒಂದೂರಾಗ ಒಬ್ಬ ಯಜಮಾನ ಇದ್ದ.”

ಹೂಂ ಎಂಬುದು ಕೇಳಿತು.

ಡೈರಿಯಲ್ಲಿ “ತಾಯಮ್ಮ ಹೂಂ ಅಂದಳು” ಎಂದು ಬರೆದಿದ್ದೇನೆ. ಇರಬಹುದು. ಅಜ್ಜಿಯ ಪಕ್ಕದಲ್ಲಿದ್ದವಳು ಅವಳು, ಮುದುಕಿಯ ಮೇಲಿನ ಮರುಕದಿಂದ ಅಂದಿರಬಹುದು. ಆದರೆ ನನ್ನ ನೆನಪಿನಲ್ಲಿ ತಾಯಮ್ಮ ಆ ಕ್ಷಣ ತಟ್ಟನೆ ತಿರುಗಿ ನನ್ನನ್ನು ನೋಡಿದಳು, ನಾನು ಅಂದೆನೇನೋ ಎನ್ನುವಂತೆ. ನಾನು ಅಂದಿರಲಿಲ್ಲ. ಆರು ಗೀರನ್ನು ಏಳು ಎಂದು ನೆನಪಿಟ್ಟವಳ ಮಾತು ಇದು, ಎಷ್ಟು ನಂಬುತ್ತೀರೋ ನಿಮಗೆ ಬಿಟ್ಟದ್ದು. ಅಜ್ಜಿ ಮಾತ್ರ ಮುಂದಿನ ಸಾಲು ಹೇಳಲಿಲ್ಲ. “ಸಾಕು, ಮುಚ್ಚರಿ,” ಎಂದಳು.

ಗಾಡಿಗಟ್ಟಲೆ ಕಲ್ಲು, ಅದರ ಮೇಲೆ ಕೆರೆಯ ಜೇಡಿಮಣ್ಣು ಹಾಕಿ ಎತ್ತುಗಳಿಂದ ತುಳಿಸಿದರು. ಹಾರೆ ಒಳಗೇ ಉಳಿಯಿತು. ನಾಲ್ಕು ಬೆರಳು ನೀರು ಕಟ್ಟಿದರು. ಮರುದಿನ ಬೆಳಿಗ್ಗೆ ಕೋಲು ನೆಟ್ಟಾಗ ನಾಲ್ಕಕ್ಕೆ ಕೂದಲೆಳೆ ಕಡಿಮೆ. ಆಮೇಲೆ ಅಧಿಕಾರಿಗಳು ಹೇಳಿದ್ದ ಹಾಗೆಯೇ ಮೆಲ್ಲಗೆ ಇಂಗಿತು. ಆ ಬೆಳೆ ಮೇಲಿನವರ ಬೆಳೆಗಿಂತ ಕಡಿಮೆಯಾಗಲಿಲ್ಲ, ಹಗೇವು ಕುಡಿದದ್ದನ್ನು ಬಿಟ್ಟರೆ ನೀರು ಅವರದ್ದರ ಅರ್ಧವೂ ಹೋಗಿರಲಿಲ್ಲ. ಕೊನೆಯ ತೂಬಿಗೆ ಭತ್ತ ಉಳಿಯಿತು.

ಹಗೇವು ಮುಚ್ಚಿದ ಸಂಜೆಯೇ ಮಾಮಾ, ತಾಯಮ್ಮನ ಕಡೆ ನೋಡದೆ, ಗದ್ದೆಯ ಕಡೆ ನೋಡುತ್ತ, “ಮುಂದಿನ ಬೆಳಿಗೂ ನೀವ ನೋಡ್ಕೋರಿ,” ಎಂದರು. ಅವರ ಮಟ್ಟಿಗೆ ಅದು ಕಾಲಿಗೆ ಬಿದ್ದ ಹಾಗೆಯೇ. ಈರಣ್ಣ ತಲೆಯಾಡಿಸಿದ. ತಾಯಮ್ಮ ಒಪ್ಪಲಿಲ್ಲ. ನನ್ನ ಹತ್ತಿರ ಬಂದಳು. ಕೆಸರು ಮೊಣಕಾಲಿನವರೆಗೆ ಒಣಗಿ ಬಿಳಿಚಿಕೊಂಡಿತ್ತು.

“ರೈಲು ಬಿಡತೀನಿ. ಗದ್ದಿ ಮಾಡತೀನಿ. ಆದರ ನನ್ನ ಹೆಸರು ಬರದೀರಲ್ಲ ಅಕ್ಕಾರ, ಅದನ್ನ ಮದ್ಲ ಹೊಡದು ಹಾಕ್ರಿ. ನನ್ನ ಮುಂದ.”

ಡೈರಿ ತಂದೆ. ನನ್ನ ಪೆನ್ನಿನಲ್ಲಿ ಶಾಯಿ ಮುಗಿದಿತ್ತು. ಮಾಮಾ ತಮ್ಮದನ್ನು ಕೊಟ್ಟರು, ಕಪ್ಪು ಶಾಯಿ. ಪುಟ ತೆರೆದು ಆ ಸಾಲನ್ನು ಬೆರಳಿಟ್ಟು ತೋರಿಸಿದೆ. ತಾಯಮ್ಮನಿಗೆ ಓದು ಬಾರದು. ಅವಳು ಬಗ್ಗಿ, ಸಸಿ ಊರುವಾಗ ಕೆಂಪು ಬಟ್ಟೆಯನ್ನು ನೋಡುತ್ತಿದ್ದ ಹಾಗೆ, ಪೆನ್ನಿನ ಮೊನೆಯನ್ನೇ ನೋಡುತ್ತಿದ್ದಳು.

ಒಮ್ಮೆ ಬರೆದದ್ದನ್ನು ಹೊಡೆದು ಹಾಕಬಾರದು, ದಾಖಲೆ ಕೆಡುತ್ತದೆ ಎಂದು ನಮಗೆ ಪಾಠ ಹೇಳಿಕೊಟ್ಟಿದ್ದರು. ಅದೇ ಕಾರಣವೋ, ನನ್ನ ಗುಂಡಗಿನ ಅಕ್ಷರದ ಪುಟ ಹಾಳಾಗುತ್ತದೆಂಬ ಬರಿಯ ಜಂಬವೋ, ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ನಾನು ಸಾಲಿನ ಮೇಲೆ ಎಳೆಯಲಿಲ್ಲ. ಒಂದು ಕೂದಲೆಳೆ ಕೆಳಗೆ, ಈ ತುದಿಯಿಂದ ಆ ತುದಿಯವರೆಗೆ, ನೆಟ್ಟಗೆ ಗೆರೆ ಎಳೆದೆ.

“ಹೊಡದ್ರೇನು?” ಎಂದಳು ತಾಯಮ್ಮ.

ತುಟಿ ತೆರೆಯದೆ, ಹೊಟ್ಟೆಯೊಳಗಿನಿಂದ, ನಾನು ಹೂಂ ಎಂದೆ.